ನಲವತ್ತೇಳನೆಯ ಪುಟದ ಅಳಿಯನಿಂದ ಗ್ರಂಥಕರ್ತರಿಗೆ

ಪಾಮನಕಲ್ಲೂರು
ಕಾರಹುಣ್ಣಿಮೆಯ ಮರುದಿನ, 1996

ಮಾನ್ಯರೇ,

ಸಂಸ್ಕೃತಿ ಸಂಶೋಧನೆಯ ಗಗನದಲ್ಲಿ ಮಧ್ಯಾಹ್ನದ ಸೂರ್ಯನಂತೆ ಉರಿಯುತ್ತಿರುವ ಡಾಕ್ಟರ್ ಸುಬ್ಬನರಸಿಂಹ ಅವರ ಸನ್ನಿಧಾನಕ್ಕೆ, ಮಸ್ಕಿಯ ಬಸ್‌ಸ್ಟ್ಯಾಂಡಿನ ಎದುರು ಹೊಲಿಗೆ ಅಂಗಡಿ ನಡೆಸುವ ಯಂಕೋಬನು ಸೂಜಿಗೆ ದಾರ ಪೋಣಿಸುವಾಗ ಬಗ್ಗುವುದಕ್ಕಿಂತ ಒಂದು ಗೇಣು ಹೆಚ್ಚೇ ಬಗ್ಗಿ ಮಾಡುವ ನಮಸ್ಕಾರಗಳು. ನಾನು ಯಾರೆಂದು ತಮಗೆ ತಕ್ಷಣ ಹೊಳೆಯಲಿಕ್ಕಿಲ್ಲ. ತಮ್ಮ ಮಹಾಗ್ರಂಥ ‘ಮಾಳಿಗೆವಾಸ: ಬಯಲುಸೀಮೆಯ ಅಳಿಯಂದಿರ ಶಿಕ್ಷಾಪದ್ಧತಿ’ಯ ನಲವತ್ತೇಳನೆಯ ಪುಟವನ್ನು ದಯಮಾಡಿ ತೆರೆಯಬೇಕು. ಅಲ್ಲಿ ಮಣ್ಣಿನ ಮಾಳಿಗೆಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕೆನ್ನೆ ಉಬ್ಬಿಸಿಕೊಂಡಿರುವ, ಕೆಳಗೆ ‘ಪಶ್ಚಾತ್ತಾಪದಲ್ಲಿ ಮುಳುಗಿರುವ ಅಳಿಯ’ ಎಂದು ಮುದ್ರಿತವಾಗಿರುವ ವ್ಯಕ್ತಿಯೇ ನಾನು.

ಮೊದಲು ನಡೆದದ್ದನ್ನು ತಮ್ಮ ನೆನಪಿಗೆ ತರುವುದು ನನ್ನ ಕರ್ತವ್ಯ. ನಾನು ಹುಟ್ಟಿದ್ದು ತುರ್ವಿಹಾಳದಲ್ಲಿ; ಪಾಮನಕಲ್ಲೂರಿನ ತಿಮ್ಮವ್ವನವರಿಗೆ ಗಂಡುಮಕ್ಕಳಿಲ್ಲದ ಕಾರಣ ಅವರ ಹಿರಿಯ ಮಗಳು ಪಕೀರಮ್ಮನನ್ನು ಮದುವೆಯಾಗಿ ಅವರ ಮನೆಯಲ್ಲೇ ಉಳಿದೆ. 1984ರ ಮಳೆಗಾಲಕ್ಕೆ ಮುಂಚೆ, ಮಾಳಿಗೆ ಸೋರಬಾರದೆಂದು ಎಲ್ಲರೂ ಮಾಡುವಂತೆ, ನಾನು ಮೇಲೆ ಹತ್ತಿ ಸವಳು ಮಣ್ಣು ಹರಡುತ್ತಿದ್ದೆ. ಹೆಂಡತಿ ಕೆಳಗಿನಿಂದ ಬುಟ್ಟಿಯಲ್ಲಿ ಮಣ್ಣು ಎತ್ತಿ ಕೊಡುತ್ತಿದ್ದಳು. ನಮ್ಮಿಬ್ಬರ ನಡುವೆ ಅಂದು ಜಗಳವಿರಲಿಲ್ಲ. ಇದ್ದರೆ ಮಣ್ಣು ಕೊಡುವವಳು ಅವಳಲ್ಲ. ಆಗ ತಾವು ಹೆಗಲಿಗೆ ಟೇಪ್ ರೆಕಾರ್ಡರ್, ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ನಮ್ಮ ಅಂಗಳಕ್ಕೆ ಬಂದಿರಿ. ಜೋಳ ಹಸನು ಮಾಡುತ್ತಿದ್ದ ನಮ್ಮ ಅತ್ತೆಯವರನ್ನು ಹೆಸರು, ಕುಲ, ದೇವರು, ಹೆರಿಗೆ, ಸಾವು ಎಂದು ಊಟದ ಹೊತ್ತು ಮೀರುವವರೆಗೂ ಕೇಳಿ, ಕೊನೆಗೆ ಮೇಲೆ ನೋಡಿ, ಅವರು ಅಲ್ಲೇಕೆ ಕುಳಿತಿದ್ದಾರೆ ಎಂದು ವಿಚಾರಿಸಿದಿರಿ. ಅತ್ತೆಯವರು ಮೊರ ಕೊಡವುತ್ತ ಹೇಳಿದ ಮಾತು ತಮ್ಮ ಟೇಪಿನಲ್ಲಿ ಈಗಲೂ ಇರಬೇಕು:

“ಮಗಳ ಜೋಡಿ ಜಗಳಾಡ್ಯಾನ್ರೀ. ಅದಕ್ಕ ಮ್ಯಾಲ ಏರಿಸೀವಿ. ಬುದ್ಧಿ ಬರೂತನ ಇಳಸಂಗಿಲ್ಲ.”

ಅದು ತಮ್ಮನ್ನು ಬೇಗ ಎಬ್ಬಿಸಿ ಕಳಿಸಲು ಆಡಿದ ಮಾತು. ನಾನು ಅಲ್ಲಗಳೆಯಬೇಕೆಂದರೆ ಬಾಯಿ ತುಂಬ ಎಲೆ-ತಂಬಾಕು ಇತ್ತು, ಉಗುಳಬೇಕೆಂದರೆ ಕೆಳಗೆ ತಾವೇ ನಿಂತಿದ್ದಿರಿ. ಅತಿಥಿಯ ತಲೆಯ ಮೇಲೆ ಉಗುಳಬಾರದೆಂಬ ಒಂದೇ ಸಂಸ್ಕಾರಕ್ಕಾಗಿ ನಾನು ಸುಮ್ಮನಿದ್ದೆ. ತಾವು ಅದನ್ನು ‘ತಪ್ಪನ್ನು ಒಪ್ಪಿಕೊಂಡ ಗಾಢ ಮೌನ’ ಎಂದು ಬರೆದಿರಿ. ಹೆಂಡತಿ ಮಣ್ಣು ಕೊಟ್ಟದ್ದನ್ನು ‘ಗಂಡನಿಗೆ ಮಣ್ಣಾಗುವ ಭಯವನ್ನು ಸೂಚಿಸುವ ಪ್ರಾಚೀನ ಸಂಕೇತ’ ಎಂದಿರಿ. ನಮ್ಮೂರ ಹಿರಿಯ ಆದಪ್ಪನವರು ತಮ್ಮನ್ನು ಔಷಧ ಕೊಡುವ ಡಾಕ್ಟರೆಂದು ತಿಳಿದು ಬಾತ ಮೊಣಕಾಲನ್ನು ತೋರಿಸಿದಾಗ ತಾವು ಭಕ್ತಿಯಿಂದ ಮುಟ್ಟಿ ನೋಡಿ, ‘ಇಲ್ಲಿನ ಹಿರಿಯರು ಅತಿಥಿಗೆ ಮೊಣಕಾಲು ಒಡ್ಡಿ ಸ್ವಾಗತ ಕೋರುತ್ತಾರೆ’ ಎಂದು ದಾಖಲಿಸಿದಿರಿ. ಆಮೇಲೆ ಬಂದ ವಿದ್ವಾಂಸರೆಲ್ಲ ಮೊದಲು ಆ ಮೊಣಕಾಲನ್ನೇ ಮುಟ್ಟಿದ್ದಾರೆ. ಆದಪ್ಪನವರಿಗೆ ನೋವು ಕಡಿಮೆಯಾಗಿಲ್ಲ, ಗೌರವ ಮಾತ್ರ ಬಹಳ ಹೆಚ್ಚಿದೆ.

ಗ್ರಂಥ ಅಚ್ಚಾಗಿ ನಮ್ಮ ಶಾಲೆಗೆ ಬಂದಾಗ ಜಿಲಾನಿಸಾಬ್ ಮಾಸ್ತರರು ಅದನ್ನು ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಓದಿದರು. ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗದೇ ಇದ್ದವಳು ನನ್ನ ಹೆಂಡತಿ ಒಬ್ಬಳೇ. ಅವಳು ನನ್ನ ಚಿತ್ರವನ್ನು ಬಹಳ ಹೊತ್ತು ನೋಡಿ, “ಮ್ಯಾಲಿದ್ದಾಗ ಎಷ್ಟು ಶ್ಯಾಣ್ಯಾ ಕಾಣ್ತಿ ನೋಡು” ಎಂದಳು. ಅದೇ ವಾರ, ಅವಳ ತಂಗಿಗೆ ಸೀರೆ ಕೊಡಿಸುವ ವಿಷಯಕ್ಕೆ ನಾನು ಒಂದು ಮಾತು ದಪ್ಪಾಗಿ ಆಡಿದೆ. ಅವಳು ಮರುಮಾತಾಡದೆ ನಿಚ್ಚಣಿಕೆಯನ್ನು ತಂದು ಗೋಡೆಗೆ ಒರಗಿಸಿದಳು.

“ಏರು,” ಎಂದಳು.

“ಯಾಕ?”

“ಬುಕ್ಕಿನ್ಯಾಗ ಐತಿ.”

ನಾನು ನಗುತ್ತಲೇ ಹತ್ತಿದೆ. ಅವಳು ನಗುತ್ತಲೇ ನಿಚ್ಚಣಿಕೆಯನ್ನು ತೆಗೆದಳು. ಸ್ವಲ್ಪ ಹೊತ್ತಾದ ಮೇಲೆ ನಗುವುದನ್ನು ನಿಲ್ಲಿಸಿದವನು ನಾನು ಮಾತ್ರ. ಇದನ್ನು ನೋಡಿ ಊರಿನ ಉಳಿದ ಹೆಂಗಸರೂ ತಮ್ಮ ತಮ್ಮ ಗೋಡೆಗೆ ನಿಚ್ಚಣಿಕೆ ಒರಗಿಸತೊಡಗಿದರು.

ತಾವು ಹಚ್ಚಿದ ದೀಪಕ್ಕೆ ಹುಳುಗಳು ಬರುವಂತೆ, ಕ್ಷಮಿಸಬೇಕು, ಹಂಸಗಳು ಬರುವಂತೆ, ನಾಡಿನ ಪಂಡಿತರು ನಮ್ಮ ಅಂಗಳಕ್ಕೆ ಬರತೊಡಗಿದರು. ಸಮಾಜಶಾಸ್ತ್ರದವರು ಬಂದು, ಮೇಲಿನಿಂದ ನೋಡಿದರೆ ಅಳಿಯನಿಗೆ ಸಮಾಜವೆಲ್ಲ ಕಾಣುತ್ತದೆ, ಆದ್ದರಿಂದ ಅವನು ಸಮಾಜವನ್ನು ಅರಿಯುತ್ತಾನೆ ಎಂದು ಒಂದು ಗ್ರಂಥ ಬರೆದರು. ನನಗೆ ಕಂಡದ್ದು ಪಕ್ಕದ ಮನೆಯ ಎಮ್ಮೆ. ತಂತ್ರಜ್ಞಾನದವರು ತೊಲೆ, ಜಂತಿಗಳನ್ನೆಲ್ಲ ಅಳೆದು, ನಮ್ಮ ಪೂರ್ವಿಕರು ಮಾಳಿಗೆಯನ್ನು ಇಷ್ಟು ಗಟ್ಟಿಯಾಗಿ ಕಟ್ಟಿದ್ದು ಅಳಿಯಂದಿರ ಭಾರ ತಡೆಯಲೆಂದೇ ಎಂದು ಸಾಧಿಸಿದರು. ಆಮೇಲೆ ವೈದ್ಯಶಾಸ್ತ್ರದವರು ಬಂದರು. ಕೆಳಗೆ ಪಟ್ಟಿ ಕಟ್ಟಿ ನೋಡಿದಾಗ ನನ್ನ ರಕ್ತದೊತ್ತಡ ಏರಿತ್ತು, ಏಕೆಂದರೆ ಹೆಂಡತಿ ಪಕ್ಕದಲ್ಲಿದ್ದಳು. ಮೇಲೆ ನೋಡಿದಾಗ ಇಳಿದಿತ್ತು, ಏಕೆಂದರೆ ಅವಳು ಇರಲಿಲ್ಲ. ಮಾಳಿಗೆಯ ಗಾಳಿಯಲ್ಲಿ ಔಷಧಿಯ ಗುಣವಿದೆ ಎಂದು ಅವರೂ ಒಂದು ಗ್ರಂಥ ತಂದರು. ಅದನ್ನು ಓದಿ ಸಿಂಧನೂರಿನ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಕಾರು ಮಾಡಿಕೊಂಡು ಬಂದು, ಯಾರೊಡನೆಯೂ ಜಗಳವಾಡದೆಯೇ ನಮ್ಮ ಮಾಳಿಗೆ ಹತ್ತಿ ಸಾಯಂಕಾಲದವರೆಗೆ ಮಲಗಿ, “ಭಾಳ ಹಗುರಾತು ನೋಡವ್ವ” ಎಂದು ಹೋದರು. ಅವರ ತೂಕಕ್ಕೆ ಬಿಟ್ಟ ಬಿರುಕಿಗೆ ನಾನು ಮತ್ತೆ ಮೇಲೆ ಹತ್ತಿ ಮಣ್ಣು ಬಡಿಯಬೇಕಾಯಿತು. ಆಗ ದಾರಿಯಲ್ಲಿ ಹೋಗುವವರೆಲ್ಲ ತಲೆಯೆತ್ತಿ, “ಮತ್ತ ಏನ್ ಮಾಡಿದ್ಯೋ ಯಂಕೋಬಣ್ಣ?” ಎಂದು ಕೇಳಿದರು.

ಇದನ್ನೆಲ್ಲ ನಾನು ನುಂಗಿಕೊಂಡೆ. ಆದಪ್ಪನವರನ್ನಂತೂ ತಮ್ಮ ವಿಶ್ವವಿದ್ಯಾಲಯದವರು ಕರೆಸಿ, ಶಾಲು ಹೊದಿಸಿ, ‘ಪರಂಪರೆಯ ಪಾಲಕ’ ಎಂದು ಬಿರುದು ಕೊಟ್ಟರು. ಅವರು ಮೈಕಿನ ಮುಂದೆ ನಿಂತು, “ನಮ್ಮ ಮುತ್ಯಾನ ಮುತ್ಯಾನ ಕಾಲದಿಂದ ನಡಕೊಂಡ ಬಂದೈತ್ರಿ” ಎಂದು ಘೋಷಿಸಿ ಬಂದರು. ಅವರು ಮನೆಯಲ್ಲಿ ಒಮ್ಮೆಯೂ ಮೇಲೆ ಹತ್ತಿದವರಲ್ಲ. ಮೊಣಕಾಲು ಅವರನ್ನು ಕಾಪಾಡಿತು.

ಈಗ ನಾನು ನನ್ನ ನಾದಿನಿ ಕರೆಮ್ಮನ ಸಂಗತಿಯನ್ನು ಹೇಳಬೇಕು. ಇದರಲ್ಲಿ ನಗುವಂಥದು ಕಡಿಮೆ. ಅವಳನ್ನು ಗುರುಗುಂಟಾದ ಹುಲಗಪ್ಪನಿಗೆ ಕೊಟ್ಟಿದ್ದೆವು. 1991ರ ಬೇಸಿಗೆಯಲ್ಲಿ ಒಂದು ಮುಂಜಾನೆ ಅವಳು ಒಂದು ಕಣ್ಣು ಮುಚ್ಚಿ ಊದಿಕೊಂಡ ಮುಖದಲ್ಲಿ ಬಸ್ಸಿನಿಂದ ಇಳಿದಳು. ಹಾಗೆ ಬಂದದ್ದು ಅದೇ ಮೊದಲಲ್ಲ. ಪ್ರತಿ ಸಲವೂ ಹಿರಿಯರು ಕೂಡಿ, ಹೆಣ್ಣು ಹೊಂದಿಕೊಂಡು ಹೋಗಬೇಕು ಎಂದು ಹೇಳಿ, ಉಡಿ ತುಂಬಿ, ಅವಳನ್ನು ಮತ್ತೆ ಬಸ್ಸು ಹತ್ತಿಸುತ್ತಿದ್ದರು. ಆ ಸಲವೂ ಹುಲಗಪ್ಪ ತನ್ನೂರಿನ ನಾಲ್ಕು ಜನರನ್ನು ಕರೆದುಕೊಂಡು ಬಂದು ಕಟ್ಟೆಯ ಮೇಲೆ ಕುಳಿತ. ಆದಪ್ಪನವರು ಎಂದಿನ ಮಾತನ್ನು ಎಂದಿನಂತೆ ಶುರು ಮಾಡಿದರು. ಆಗ ನಮ್ಮ ಅತ್ತೆಯವರು ಎದ್ದು ನಿಂತರು.

“ಮಾಸ್ತರ, ಆ ಬುಕ್ ತರ್ರಿ,” ಎಂದರು. “ಏನ್ ಬರದಾರ, ಎಲ್ಲಾರ ಮುಂದ ಓದ್ರಿ.”

ಜಿಲಾನಿಸಾಬ್ ಮಾಸ್ತರರು ಓದಿದರು: ‘ಈ ಊರಿನಲ್ಲಿ ಹೆಂಡತಿಯೊಡನೆ ಕಲಹ ಮಾಡಿದ ಅಳಿಯನನ್ನು, ಅವನು ಯಾವ ಊರಿನವನೇ ಆಗಿರಲಿ, ಅತ್ತೆಯು ಮಾಳಿಗೆಗೆ ಏರಿಸುವ ಹಕ್ಕು ಅನಾದಿಯಿಂದ ಇದೆ, ಹಿರಿಯರು ಇದನ್ನು ಎಂದೂ ಮೀರಿದವರಲ್ಲ.’ ಅತ್ತೆಯವರು ಆದಪ್ಪನವರ ಕಡೆ ತಿರುಗಿ, “ಶಾಲು ಹೊಚಗೊಂಡ ಬಂದೀಯಲ್ಲೋ ಮಾವ, ಈಗ ಹೇಳು, ಇದು ಖರೇನೋ ಸುಳ್ಳೋ?” ಎಂದು ಕೇಳಿದರು. ಆದಪ್ಪನವರು ಮೊಣಕಾಲನ್ನು ತಿಕ್ಕಿದರು. ಸುಳ್ಳೆಂದರೆ ಶಾಲು ಹೋಗುತ್ತದೆ. ಅವರು, “ಖರೇ ಅದ” ಎಂದರು.

ಹುಲಗಪ್ಪ ಇದನ್ನೆಲ್ಲ ತಮಾಷೆ ಎಂದುಕೊಂಡ. “ಏರಿದ್ರಾತು, ಏನಾಕ್ಕೈತಿ?” ಎಂದು ಮದುಮಗನ ಹಾಗೆ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಮೇಲೆ ಹತ್ತಿದ. ಅತ್ತೆಯವರೂ ನನ್ನ ಹೆಂಡತಿಯೂ ನಿಚ್ಚಣಿಕೆಯನ್ನು ಹೊತ್ತು ಒಳಗೆ ಇಟ್ಟು ಬಾಗಿಲಿಗೆ ಚಿಲಕ ಹಾಕಿದರು. ಅವನು ಬೈದ, ಮಣ್ಣಿನ ಹೆಂಟೆ ಎಸೆದ, ಹಾರುತ್ತೇನೆಂದು ಹೆದರಿಸಿ ಅಂಚಿಗೆ ಬಂದು ಕೆಳಗೆ ನೋಡಿ ಹಿಂದೆ ಸರಿದ. ಊರಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಅಂಗಳದಲ್ಲಿ ಕುಳಿತರು. ಬಿಸಿಲು ಏರಿ ಅವನ ಬಾಯಿ ಒಣಗಿದ ಮೇಲೆ ಕರೆಮ್ಮ ಒಂದು ತಂಬಿಗೆ ನೀರನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕಳಿಸಿದಳು. ಅವನು ಕುಡಿದು ಮುಗಿಸುವವರೆಗೂ ಕಾದು ಮಾತಾಡಿದಳು. ಮದುವೆಯಾದ ಮೇಲೆ ಅವಳ ದನಿಯನ್ನು ನಾನು ಅಷ್ಟು ಗಟ್ಟಿಯಾಗಿ ಕೇಳಿದ್ದು ಅಂದೇ.

“ನಾ ಮಾತ ಸುರು ಮಾಡಿದ್ರ ನೀ ಎದ್ದು ಹೋಗ್ತಿದ್ದಿ. ಈಗ ಹೋಗು ನೋಡೋಣು, ಎಲ್ಲಿಗೆ ಹೋಗ್ತಿ? ಸಾರಿಗೆ ಉಪ್ಪು ಹೆಚ್ಚಾತು ಅಂತ ಹೊಡದಿ. ಕಡಿಮಿ ಆತು ಅಂತ ಹೊಡದಿ. ಸಮ ಆದ ದಿನ ಉಂಡು ಸುಮ್ಮನ ಎದ್ದು ಹೋದಿ. ಆ ದಿನಾನೂ ನಾ ಗ್ವಾಡಿಗೆ ಹತ್ತಿ ಅಂಜಿಕೊಂಡು ಕುಂತಿದ್ದೆ. ಅದು ನಿನಗ ಗೊತ್ತೈತೇನು?”

ಅವನು ಖಾಲಿ ತಂಬಿಗೆಯನ್ನು ಹಗ್ಗದಿಂದ ಕೆಳಗೆ ಬಿಟ್ಟ. ಅಂಗಳದಲ್ಲಿ ಕುಳಿತ ಹೆಂಗಸರಲ್ಲಿ ಯಾರೂ ಮಾತಾಡಲಿಲ್ಲ. ನಾನು ಅಲ್ಲಿಯೇ ಕಟ್ಟಿಗೆಯ ಹಾಗೆ ನಿಂತಿದ್ದೆ. ಮಾನ್ಯರೇ, ತಮ್ಮ ಗ್ರಂಥದಲ್ಲಿ ಗಾಢ ಮೌನ ಎಂಬ ಮಾತು ಪುಟಕ್ಕೊಂದರಂತೆ ಬರುತ್ತದೆ. ಅದು ಹೇಗಿರುತ್ತದೆಂದು ತಾವು ಕೇಳಿರಲಿಕ್ಕಿಲ್ಲ, ಏಕೆಂದರೆ ಅಂದು ತಾವು ಬಂದಿರಲಿಲ್ಲ.

ಮರುದಿನ ಸಂಜೆ ಹುಲಗಪ್ಪ ತಲೆ ತಗ್ಗಿಸಿ ಇಳಿದು, ಇನ್ನು ಕೈಯೆತ್ತುವುದಿಲ್ಲ, ಮನೆಗೆ ನಡೆ ಎಂದು ಹೆಂಡತಿಯನ್ನು ಕರೆದ. ಕರೆಮ್ಮ, “ಈಗ ಬರಂಗಿಲ್ಲ” ಎಂದಳು. ಆದಪ್ಪನವರು ಗಂಟಲು ಸರಿಮಾಡಿಕೊಂಡರು. ಇಳಿದ ಕೂಡಲೇ ಹೆಂಡತಿ ಹಿಂದೆ ಹೋಗಬೇಕು ಎಂದು ಗ್ರಂಥದಲ್ಲಿ ಎಲ್ಲಿಯೂ ಇಲ್ಲವೆಂದು ಮಾಸ್ತರರು ಪುಟ ತಿರುವಿ ಖಾತ್ರಿ ಮಾಡಿದರು. ಅವಳು ನನ್ನ ಅಂಗಡಿಗೆ ಬಂದು ಹೊಲಿಗೆ ಕಲಿತಳು. ಈಗ ಮಸ್ಕಿಯಲ್ಲಿ ಕುಪ್ಪಸ ಹೊಲಿಸುವವರು ಯಂಕೋಬನ ಅಂಗಡಿ ಎನ್ನುವುದಿಲ್ಲ, ಕರೆಮ್ಮನ ಅಂಗಡಿ ಎನ್ನುತ್ತಾರೆ.

ಹುಲಗಪ್ಪ ಊರಿಗೆ ಹೋದ ಮೇಲೆ ಯಾರೋ ಕಿವಿ ಊದಿ, ತನ್ನನ್ನು ಅಕ್ರಮವಾಗಿ ಕೂಡಿಹಾಕಿದರೆಂದು ಅತ್ತೆಯವರ ಮೇಲೆ ಕೋರ್ಟಿನಲ್ಲಿ ತಕರಾರು ಹೂಡಿದ. ನಮ್ಮ ಪರ ನಿಂತ ಲಿಂಗಸುಗೂರಿನ ವಕೀಲರು ಕಾನೂನಿನ ಪಂಡಿತರು ಬರೆದ ಒಂದು ದಪ್ಪ ಗ್ರಂಥವನ್ನು ತಂದರು. ಅದರಲ್ಲಿ ಮಾಳಿಗೆವಾಸವು ರೂಢಿಗತ ಕಾನೂನು ಎಂದಿತ್ತು. ಸಾಕ್ಷಿ ಹೇಳಲು ನನ್ನನ್ನು ಕರೆದರು. ನನಗೂ ಒಂದು ಕಾಲ ಬಂದಿತ್ತು, ಮಾನ್ಯರೇ. ಇದೆಲ್ಲ ಒಂದು ಬಾಯಿ ತಂಬಾಕಿನಿಂದ ಹುಟ್ಟಿದ್ದು ಎಂದು ಹೇಳಿ ಊರ ಗಂಡಸರನ್ನೆಲ್ಲ ಕೆಳಗಿಳಿಸುವ ಅಧಿಕಾರ ಅಂದು ನನ್ನ ನಾಲಿಗೆಯಲ್ಲಿತ್ತು. ಕಟಕಟೆ ಹತ್ತುವಾಗ ಕರೆಮ್ಮನನ್ನು ನೋಡಿದೆ. ಬಾವು ಇಳಿದಿತ್ತು, ಆದರೆ ಆ ಕಣ್ಣಿನ ಅಂಚಿನ ಗಾಯದ ಗೆರೆ ಹೋಗಿರಲಿಲ್ಲ.

“ಹೆಂಡ್ತಿ ಜೊತೆ ಜಗಳ ಆಡಿ ನೀನೂ ಮೇಲೆ ಹತ್ತಿದ್ದೀಯಾ?” ಎಂದು ವಕೀಲರು ಕೇಳಿದರು.

“ಹತ್ತೀನ್ರಿ.”

“ಎಷ್ಟು ಸಲ?”

“ಲೆಕ್ಕ ಇಟ್ಟಿಲ್ರಿ.”

ಕೋರ್ಟು ನಕ್ಕಿತು. ನಾನು ಆಡಿದ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸುಳ್ಳಿನ ಕೆಲಸವನ್ನು ತಾವು ಮೊದಲೇ ಬರೆದು ಮುಗಿಸಿದ್ದಿರಿ. ನನಗೆ ಉಳಿದದ್ದು ಸತ್ಯ ಮಾತ್ರ. ನ್ಯಾಯಾಧೀಶರು ಹುಲಗಪ್ಪನ ಕಡೆ ತಿರುಗಿ, ನಿನ್ನನ್ನು ಯಾವ ಜಗಳಕ್ಕೆ ಏರಿಸಿದರು, ಎಲ್ಲರೆದುರು ಹೇಳು ಎಂದರು. ಅವನು ಅದನ್ನು ಹೇಳಲಾರದೆ ತಕರಾರನ್ನು ವಾಪಸ್ಸು ತೆಗೆದುಕೊಂಡ.

ಇಷ್ಟು ಉಪಕಾರ ಮಾಡಿದ ತಮ್ಮ ಮೇಲೆ ದೂರೇನು ಎಂದು ತಾವು ಕೇಳಬಹುದು. ದೂರು ಇರುವುದು ತಮ್ಮ ಹೊಸ ಗ್ರಂಥದ ಮೇಲೆ. ಹೋದ ವರ್ಷ ತಾವು ಮತ್ತೆ ನಮ್ಮೂರಿಗೆ ಬಂದಿರಿ. ಹಳೆಯ ಟೇಪನ್ನು ಮತ್ತೆ ಕೇಳಿದಾಗ ಅತ್ತೆಯವರ ಮಾತಿನ ಕೊನೆಗೆ ಯಾರೋ ಕಿಸಕ್ಕನೆ ನಕ್ಕದ್ದು ಕೇಳಿಸಿ, ಆ ಮಾತೇ ತಮಾಷೆಯಿರಬಹುದೆಂದು ತಮಗೆ ಅನುಮಾನ ಬಂತಂತೆ. ನಕ್ಕವಳು ನನ್ನ ಹೆಂಡತಿ. ತಾವು ಬಂದಾಗ ನಾನು ಮಾಳಿಗೆಯ ಮೇಲೆಯೇ ಇದ್ದೆ, ಈ ಸಲ ಖರೇನೇ ಜಗಳವಾಡಿ. ಮೇಲಿನಿಂದ ಕೈಮುಗಿದೆ. ತಾವು ನನ್ನನ್ನು ಕಣ್ಣಾರೆ ನೋಡಿದಿರಿ, ನೋಡಿ ಊರಿಗೆ ಹೋಗಿ, ಇಂಥದೊಂದು ಪದ್ಧತಿ ಇರಲೇ ಇಲ್ಲ, ಈಗ ಕಾಣುವುದು ನನ್ನ ಗ್ರಂಥವನ್ನು ಓದಿ ಹುಟ್ಟಿಕೊಂಡದ್ದು, ಆದ್ದರಿಂದ ಅದು ನಿಜವಾದುದಲ್ಲ ಎಂದು ಬರೆದಿರಿ. ಇಲ್ಲದ ಕಾಲದಲ್ಲಿ ಇದೆ ಎಂದಿರಿ. ಇರುವ ಕಾಲದಲ್ಲಿ ಇಲ್ಲ ಎಂದಿರಿ. ಇಂಥ ಸಮತೋಲನ ಸಾಮಾನ್ಯರಿಗೆ ಸಾಧ್ಯವಿಲ್ಲ.

ಆ ಗ್ರಂಥ ಬಂದ ದಿನ ಊರ ಗಂಡಸರು ಪಟಾಕಿ ಹಾರಿಸಿದರು. ಆದಪ್ಪನವರು ಶಾಲು ಹೊದ್ದುಕೊಂಡೇ ಮುಂದೆ ನಡೆದರು. ಮನೆಮನೆಯ ನಿಚ್ಚಣಿಕೆಗಳನ್ನು ಒಯ್ದು ಹಗೇವಿನಲ್ಲಿ, ಅಂದರೆ ಜೋಳ ತುಂಬುವ ನೆಲದ ಗುಂಡಿಯಲ್ಲಿ, ಹುಗಿದು ಮೇಲೆ ಕಲ್ಲು ಮುಚ್ಚಿದರು. ನಾನೂ ಮೆರವಣಿಗೆಯಲ್ಲಿದ್ದೆ, ಕುಣಿದೆ ಕೂಡ. ಅದಾಗಿ ಹದಿನೈದು ದಿನವೂ ಕಳೆದಿರಲಿಲ್ಲ, ನಮ್ಮ ಓಣಿಯ ಗ್ಯಾನಮ್ಮನನ್ನು ಗಂಡ ಹೊಡೆದು ಹೊರಗೆ ಹಾಕಿದ. ಹೆಂಗಸರು ಕೂಡಿ ಕೇಳಲು ಹೋದರೆ ಅವನು ತಮ್ಮ ಹೊಸ ಗ್ರಂಥವನ್ನು ಎತ್ತಿ ಹಿಡಿದು ನಿಂತ.

“ಏರು ಅಂತೀರೇನು? ಅಂಥಾದ್ದು ಇಲ್ಲಂತ ಪ್ರಿಂಟ್ ಆಗೈತಿ, ನೋಡ್ರಿಬೇ!”

ಅತ್ತೆಯವರು, “ಆ ಸಾಹೇಬ ನಮ್ಮೂರಾಗ ಕುಂತಿದ್ದು ಎರಡ ಮಧ್ಯಾನ. ಇಲ್ಲ ಅನ್ನಾಕ ಅವ ಯಾರು?” ಎಂದರು. ಕರೆಮ್ಮ, “ಇಲ್ಲಾಂದ್ರ ಇಲ್ಲ ಬಿಡ್ರಿ. ಇವತ್ತಿಂದ ಸುರು ಮಾಡೋಣು” ಎಂದಳು. ಆದರೆ ಊರಿನಲ್ಲಿ ಒಂದು ನಿಚ್ಚಣಿಕೆಯೂ ಇರಲಿಲ್ಲ. ಕಲ್ಲು ಸರಿಸಲು ಗಂಡಸರು ಯಾರೂ ಬರಲಿಲ್ಲ. ಗ್ಯಾನಮ್ಮ ನಮ್ಮ ಕಟ್ಟೆಯ ಮೇಲೆ, ಹರಿದ ಕುಪ್ಪಸದ ತೋಳನ್ನು ಕೈಯಿಂದ ಮುಚ್ಚಿಕೊಂಡು ಕುಳಿತಿದ್ದಳು. ಹೊಲಿಗೆಯವನಿಗೆ ಅರಿವೆ ಹರಿಯುವ ಬಗೆ ಗೊತ್ತಿರುತ್ತದೆ, ಮಾನ್ಯರೇ. ಆ ತೋಳು ತಾನಾಗಿ ಬಿಚ್ಚಿದ್ದಲ್ಲ.

ನಾನು ಯಾರಿಗೂ ಹೇಳದೆ ಮಸ್ಕಿಗೆ ಹೋಗಿ, ಬಡಿಗ ಅಮೀನ್‌ಸಾಬನ ಮುಂದೆ ಕುಳಿತು ಹೊಸ ನಿಚ್ಚಣಿಕೆ ಮಾಡಿಸಿ, ಬಸ್ಸಿನ ಟಾಪಿಗೆ ಕಟ್ಟಿಸಿದೆ. “ಯಾರಿಗೋ ಇದು?” ಎಂದು ಕಂಡಕ್ಟರ್ ಕೇಳಿದ. ನಮ್ಮೂರಿಗೆ ಎಂದೆ. ಬಸ್ಸಿಳಿದು ಅದನ್ನು ಹೆಗಲ ಮೇಲೆ ಹೊತ್ತು ಕಟ್ಟೆಯ ಮುಂದೆ ಬರುವಾಗ, ಕುಳಿತಿದ್ದ ಗಂಡಸರೆಲ್ಲ ಎದ್ದು ನಿಂತರು, ಗೌರವಕ್ಕಲ್ಲ. “ಲೇ ಯಂಕೋಬ, ನೀ ಗಂಡಸು ಹೌದಲ್ಲೋ?” ಎಂದು ಆದಪ್ಪನವರು ಕೇಳಿದರು. “ಹೌದ್ರಿ ಮಾವ. ಅದಕ್ಕ ಹೊತಗೊಂಡ ಬಂದೀನಿ, ಭಾಳ ವಜ್ಜಿ ಐತಿ” ಎಂದೆ. ಗ್ಯಾನಮ್ಮನ ಮನೆಯ ಗೋಡೆಗೆ ಅದನ್ನು ಒರಗಿಸಿದವನು ನಾನೇ. ಅವಳ ಗಂಡ ಗ್ರಂಥವನ್ನು ಕಂಕುಳಲ್ಲಿ ಇಟ್ಟುಕೊಂಡೇ ಹತ್ತಿದ, ಏಕೆಂದರೆ ಸುತ್ತ ನಿಂತ ಹೆಂಗಸರಲ್ಲಿ ಓದು ಬಂದವರು ಕಡಿಮೆ, ಒನಕೆ ತಂದವರು ಹೆಚ್ಚಿದ್ದರು. ಮೂರನೆಯ ದಿನ ಅವನು ಇಳಿದು ಗ್ಯಾನಮ್ಮನ ಮುಂದೆ ನಿಂತ. ಅವಳು ಏನು ಹೇಳಿದಳೆಂಬುದು ಅವರಿಬ್ಬರಿಗೆ ಬಿಟ್ಟದ್ದು. ನಾನು ಗ್ರಂಥ ಬರೆಯುವವನಲ್ಲ.

ಈಗ ಊರಿನ ಗಂಡಸರು ನನ್ನೊಡನೆ ಮಾತಾಡುವುದಿಲ್ಲ. ಅಂಗಿ ಹೊಲಿಸಲು ಸಿಂಧನೂರಿಗೆ ಹೋಗುತ್ತಾರೆ, ಅಲ್ಲಿ ತೋಳು ಗಿಡ್ಡ ಬಂದರೂ ಸುಮ್ಮನೆ ತೊಡುತ್ತಾರೆ. ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹಗಳಿವೆ. ತಾವು ಮೂರನೆಯ ಗ್ರಂಥವೊಂದನ್ನು ಬರೆಯಬೇಕು. ಈ ಪದ್ಧತಿ ಅನಾದಿಯದಲ್ಲ, ಎಳೆಯದು, ಈಗಷ್ಟೇ ಹಲ್ಲು ಬಂದಿದೆ, ಆದರೂ ಇದೆ ಎಂದು ಬರೆಯಬೇಕು. ಇದನ್ನು ಹುಟ್ಟಿಸಿದ ತಂದೆ ತಾವೆಂದು ಒಪ್ಪಿಕೊಂಡು, ತಂದೆ ಮಾಡಬೇಕಾದಂತೆ ವರ್ಷಕ್ಕೊಮ್ಮೆ ಬಂದು ನೋಡಿ ಹೋಗಬೇಕು. ಹಿಂದೆ ಕಾನೂನಿನವರು, ವೈದ್ಯರು, ತಂತ್ರಜ್ಞರು ತಮ್ಮ ಮಾತು ನಂಬಿ ಬರೆದ ಗ್ರಂಥಗಳನ್ನು ನಾಡಿನ ಗ್ರಂಥಾಲಯಗಳಿಂದ ಹಿಂತರಿಸಿ, ಅವುಗಳಲ್ಲಿ ‘ಅಳಿಯ’ ಎಂದಿರುವಲ್ಲೆಲ್ಲ ಕೈಬರಹದಲ್ಲಿ ‘ಯಂಕೋಬನನ್ನು ಬಿಟ್ಟು’ ಎಂದು ಸೇರಿಸಬೇಕು. ಇಷ್ಟು ಆಗದಿದ್ದರೆ, ನನ್ನ ಹೆಂಡತಿಗೆ ನನ್ನ ಪರವಾಗಿ ಒಂದು ಮಾತು ಹೇಳಬೇಕು. ಅದೂ ಆಗದೆಂದು ನನಗೆ ಗೊತ್ತು. ಕೇಳುವುದು ನನ್ನ ಧರ್ಮ.

ಇಂತಿ, ತಮ್ಮ ಒಂದು ಗ್ರಂಥದಲ್ಲಿ ಇರುವ, ಇನ್ನೊಂದು ಗ್ರಂಥದಲ್ಲಿ ಇಲ್ಲದ,
ತಮ್ಮ ವಿಶ್ವಾಸಿ,
ಯಂಕೋಬ, ಟೇಲರ್

ಮರೆತ ಮಾತು: ಹೋದ ವರ್ಷ ತಾವು ಬಂದಾಗ ಜೊತೆಗೆ ಬಂದಿದ್ದ ತಮ್ಮ ಧರ್ಮಪತ್ನಿಯವರು, ತಾವು ಟೇಪಿನ ಗುಂಡಿ ಒತ್ತುತ್ತಿರುವಾಗ, ಒಲೆಯ ಮುಂದೆ ನಮ್ಮ ಅತ್ತೆಯವರೊಡನೆ ಬಹಳ ಹೊತ್ತು ಕುಳಿತಿದ್ದರು. ಮೊನ್ನೆ ಅವರಿಂದ ಒಂದು ಕಾರ್ಡು ಬಂದಿದೆ. ತಮ್ಮದು ಆರ್‌ಸಿಸಿ ಮನೆ, ಮೇಲಕ್ಕೆ ಒಳಗಿನಿಂದಲೇ ಮೆಟ್ಟಿಲುಗಳಿವೆ, ನಿಚ್ಚಣಿಕೆ ಇಲ್ಲದೆ ಹೇಗೆ ಎಂದು ಕೇಳಿದ್ದಾರೆ. ಟೆರೇಸಿನ ಬಾಗಿಲಿಗೆ ಒಳಗಿನಿಂದ ಒಂದು ಚಿಲಕ ಸಾಕು ಎಂದು ಅತ್ತೆಯವರು ನನ್ನ ಕೈಯಿಂದಲೇ ಬರೆಸಿ ಕಳಿಸಿದ್ದಾರೆ. ತಾವು ಟೆರೇಸಿಗೆ ಓದಲು ಹೋಗುವಾಗ ಪೆನ್ನು, ಹಾಳೆ ಸಾಕಷ್ಟು ಒಯ್ಯಬೇಕೆಂದು ಪ್ರಾರ್ಥನೆ.